ನಾಲ್ಕು ಸಲವೂ 120/80

ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿನ ಫೈಲು ನನ್ನ ಮುಂದಿದೆ. ಎರಡನೇ ಹಾಳೆಯಲ್ಲಿ ಗೆರೆ ಹೊಡೆದ ಪಟ್ಟಿ: ತಾರೀಖು, ವಾರ, ತೂಕ, ಬಿ.ಪಿ., ಕೂಸಿನ ಎದೆಬಡಿತ. ನಾಲ್ಕು ಭೇಟಿ, ನಾಲ್ಕು ಸಾಲು. ತೂಕ 52, 54, 57, 63 ಎಂದಿದೆ. ಬಿ.ಪಿ. ಮಾತ್ರ ನಾಲ್ಕು ಸಲವೂ 120/80.

ಈ ನಾಲ್ಕರಲ್ಲಿ ನನ್ನ ಹೆಂಡತಿಯ ತೋಳಿಗೆ ಪಟ್ಟಿ ಕಟ್ಟಿದ್ದು ಒಂದೇ ಸಲ, ಮೊದಲ ಭೇಟಿಯಲ್ಲಿ. ಉಳಿದ ಮೂರು ಸಲ ಕೌಂಟರಿನ ಹುಡುಗಿ ತೂಕದ ಮಶೀನ್ ಮೇಲೆ ನಿಲ್ಲಿಸಿ, ಹಿಂದಿನ ಸಾಲು ನೋಡಿ, ಅದನ್ನೇ ಮತ್ತೆ ಬರೆದಳು. "ಬಿ.ಪಿ. ಮಶೀನಿನ ಸೆಲ್ ಹೋಗ್ಯಾವ್ರಿ, ಒಳಗ ಮೇಡಮ್ಮಾರು ನೋಡ್ತಾರ" ಅಂದದ್ದು ಈಕೆಗೆ ನೆನಪಿದೆ. ಒಳಗೆ ಮೇಡಮ್ಮಾರು ಹಾಳೆ ನೋಡಿದರು. ಹಾಳೆಯಲ್ಲಿ 120/80 ಇತ್ತು. "ಎಲ್ಲಾ ಆರಾಮ ಐತಿ" ಅಂದು ಗುಳಿಗೆ ಬರೆದುಕೊಟ್ಟರು. ಹೊರಗೆ ಇನ್ನೂ ನಲವತ್ತು ಮಂದಿ ಟೋಕನ್ ಹಿಡಿದು ಕುಳಿತಿದ್ದರು.

ಮೊದಲ ಮಗುವಿಗೆ ಕಾಯುತ್ತಿರುವ ಗಂಡ ಹೆಂಡತಿ, ಅವರ ಅತ್ತೆ ಮಾವ, ಅಕ್ಕ ತಂಗಿಯರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನರ್ಸಿಂಗ್ ಹೋಮಿನ ಹೆಸರು ಹಾಕುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ಅದರ ದಾರಿಯಲ್ಲಿ ನಡೆಯಲಿ.

ನಾವಿರುವುದು ಧಾರವಾಡದಲ್ಲಿ. ಧಾರವಾಡದಲ್ಲಿ ಡಾಕ್ಟರು ಇಲ್ಲವೆಂದಲ್ಲ, ಆ ಮೇಡಮ್ಮಾರ ಕೈಗುಣ ಛಲೋ ಅಂತ ಮಂದಿ ಹೇಳಿದ್ದಕ್ಕೆ ಹುಬ್ಬಳ್ಳಿಗೆ ಹೋಗುತ್ತಿದ್ದೆವು. ತಿಂಗಳಿಗೊಮ್ಮೆ ಚಿಗರಿ ಬಸ್ಸಿನಲ್ಲಿ ಇಬ್ಬರೂ ಕೂತು ಹೋಗಿ ಬರುವುದು ನಮಗೊಂದು ಹಬ್ಬವೇ ಆಗಿತ್ತು. ಹೆಸರು ಏನಿಡೋಣ ಎಂಬ ಮಾತು ನವನಗರ ದಾಟುವಷ್ಟರಲ್ಲಿ ಜಗಳಕ್ಕೆ ತಿರುಗುತ್ತಿತ್ತು. ಬಿ.ಪಿ. ಎಂಬುದು ನಮ್ಮ ತಲೆಯಲ್ಲೇ ಇರಲಿಲ್ಲ. ಅದು ವಯಸ್ಸಾದವರ ಬ್ಯಾನಿ ಎಂದು ತಿಳಿದಿದ್ದೆವು. ಸ್ಕ್ಯಾನಿಂಗ್‌ನಲ್ಲಿ ಕೂಸು ಆರಾಮ ಇದೆಯೋ ಇಲ್ಲವೋ, ಅಷ್ಟನ್ನೇ ನೋಡುತ್ತಿದ್ದೆವು. ಕೂಸನ್ನು ಹೊತ್ತವಳನ್ನು ನೋಡುವುದು ಮರೆತಿತ್ತು.

ಏಳನೇ ತಿಂಗಳಲ್ಲಿ ಕುಬಸ ಮಾಡಿದೆವು. ಲಕ್ಷ್ಮೇಶ್ವರದಿಂದ ಬೀಗರು ಬುತ್ತಿ ಕಟ್ಟಿಕೊಂಡು ಬಂದರು, ಹಸಿರು ಸೀರೆ, ಗುಳೇದಗುಡ್ಡದ ಖಣ ತಂದರು. ಬಳೆಗಾರ ಅಜ್ಜ ಬಂದು ಕೂತ. ಈಕೆಗೆ ಮದುವೆಯಿಂದಲೂ 2-4ರ ಬಳೆ ಸರಿಹೋಗುತ್ತಿದ್ದವು. ಅಂದು ಏರಲಿಲ್ಲ. 2-6 ಕೂಡ ಗೆಣ್ಣು ದಾಟಲಿಲ್ಲ. ಕೊನೆಗೆ ಅಜ್ಜ 2-8ರ ಕಟ್ಟು ಬಿಚ್ಚಿ, ಕೈ ಹಿಡಿದು ನೋಡಿ, "ಯವ್ವಾ, ಕೈ ಭಾಳ ಬಾತಾವಲ್ಲ" ಅಂದ. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. "ಬಸುರಿ ಕೈ ಅಜ್ಜಾ, ಬಾವು ಇರೂದ" ಅಂದರು. ನಾನೂ ನಕ್ಕೆ. ಮೊಬೈಲಿನಲ್ಲಿರುವ ಆ ದಿನದ ಫೋಟೋಗಳಲ್ಲಿ ಈಗ ನೋಡಿದರೆ ಆಕೆಯ ಮುಖ ಆಕೆಯದಲ್ಲ. ಕಣ್ಣಿನ ಕೆಳಗೆ ಊದಿಕೊಂಡಿದೆ, ಮೂಗು ದಪ್ಪಗಾಗಿದೆ. "ಬಸುರಿ ಕಳೆ" ಅಂತ ಎಲ್ಲರೂ ಹೊಗಳಿದ ಮುಖ ಅದು.

ಆ ಬಳೆಗಾರ ಒಬ್ಬನೇ ಕಂಡದ್ದನ್ನು ಕಂಡಂತೆ ಹೇಳಿದವನು.

ಕುಬಸದ ನಂತರ ಫೈಲಿನಲ್ಲಿರುವ ಕೊನೆಯ ಭೇಟಿ. ತೂಕ 57ರಿಂದ 63. ಒಂದೇ ತಿಂಗಳಲ್ಲಿ ಆರು ಕಿಲೋ. "ಕುಬಸದ ಹೋಳಿಗಿ ಹತ್ಯಾವು" ಅಂದರಂತೆ. ಬಿ.ಪಿ. 120/80. ಅಂದು ನಿಜಕ್ಕೂ ಎಷ್ಟಿತ್ತು ಎಂಬುದು ಇನ್ನೆಂದಿಗೂ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ನಿದ್ದೆ ಕೆಡಿಸುವುದು ಇದೇ. ಅಳೆದು ತಪ್ಪಾಗಿ ತಿಳಿದಿದ್ದರೆ ಮಾತು ಬೇರೆ. ಅಳೆಯದೇ ಬರೆದ ಅಂಕಿ ನಮ್ಮ ಬಾಯಿಗೂ ಬೀಗ ಹಾಕಿತು. ಕಾಲು ಬಾತಿವೆ ಎಂದಾಗಲೆಲ್ಲ "ಬಿ.ಪಿ. ನಾರ್ಮಲ್ ಐತಲ್ಲ" ಎಂದು ನಾನೇ ಆಕೆಗೆ ಸಮಾಧಾನ ಹೇಳುತ್ತಿದ್ದೆ.

ಮರುದಿನ ಆಕೆ ತವರಿಗೆ ಹೋದಳು. ಫೈಲು ಧಾರವಾಡದ ಮನೆಯ ಟ್ರಂಕಿನ ಮೇಲೆಯೇ ಉಳಿಯಿತು.

ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಫೋನ್ ಮಾಡಿ ತಲೆ ಸಿಡಿಯುತ್ತಿದೆ ಎಂದಳು. ಅತ್ತೆಯವರು ಪಿತ್ತ ಎಂದುಕೊಂಡು ತಲೆಗೆ ಔಡಲ ಎಣ್ಣೆ ತಟ್ಟಿದ್ದರು. ಮೊಬೈಲ್ ನೋಡಬೇಡ, ಲಿಂಬಿ ಶರಬತ್ ಕುಡಿದು ಮಲಗು ಎಂದು ನಾನು ಹೇಳಿದೆ. ಮರುದಿನವೂ ತಲೆನೋವು ಹಾಗೇ. ಜೊತೆಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಚುಚ್ಚಿದಂತೆ. "ಕೂಸು ಒದೀತಿರಬೇಕು" ಅಂದೆವು. ಸಂಜೆ, "ರೀ, ಕಣ್ಮುಂದ ಮಿಂಚುಹುಳ ಹಾರಾಡಿದಂಗ ಆಗ್ತೈತ್ರಿ" ಅಂದಳು. ನಿಶ್ಶಕ್ತಿ ಎಂದುಕೊಂಡೆ. ಎರಡು ದಿನದಲ್ಲಿ ದೇಹ ಮೂರು ಸಲ ಕೂಗಿ ಹೇಳಿತ್ತು. ನಾವು ಮೂರಕ್ಕೂ ಮನೆಯಲ್ಲೇ ಒಂದೊಂದು ಹೆಸರು ಕೊಟ್ಟು ಕೂತಿದ್ದೆವು.

ಆಕೆಯನ್ನು ಉಳಿಸಿದ್ದು ತಾರೀಖು ಒಂಬತ್ತು. ಪ್ರತಿ ತಿಂಗಳ 9ರಂದು ಸರಕಾರಿ ದವಾಖಾನೆಗಳಲ್ಲಿ ನಾಲ್ಕನೇ ತಿಂಗಳು ತುಂಬಿದ ಬಸುರಿಯರನ್ನು ಡಾಕ್ಟರು ಪುಕ್ಕಟೆ ತಪಾಸಣೆ ಮಾಡುತ್ತಾರೆ. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅದು. ಓಣಿಯ ಆಶಾ ಅಕ್ಕ ಬೆಳಿಗ್ಗೆ ಬಂದು, "ಖಾಸಗಿ ಒಳಗ ತೋರಿಸಿದ್ರೂ ಅಡ್ಡಿಯಿಲ್ಲ, ಒಮ್ಮೆ ಬಂದು ಹೋಗ್ಲಿ" ಎಂದು ಹಟ ಹಿಡಿದು ಕರೆದೊಯ್ದಳು. ತಾಯಿ ಕಾರ್ಡನ್ನು ನಾವು ಮಾಡಿಸಿದ್ದೇ ಸರಕಾರದ ಮಾತೃವಂದನಾ ಯೋಜನೆಯ 5,000 ರೂಪಾಯಿ ಸಲುವಾಗಿ. ಅದರ ಹಾಳೆಗಳು ಖಾಲಿ ಇದ್ದವು.

ಅಲ್ಲಿಯ ಸಿಸ್ಟರ್ ಪಟ್ಟಿ ಕಟ್ಟಿದರು. 164/112. ಮಾತಾಡದೆ ಹದಿನೈದು ನಿಮಿಷ ಎಡಮಗ್ಗುಲಿಗೆ ಮಲಗಿಸಿ ಮತ್ತೆ ಕಟ್ಟಿದರು. 168/110. ಮೂತ್ರದಲ್ಲಿ ಅದ್ದಿದ ಕಡ್ಡಿ ಕಡುಹಸಿರಾಯಿತು, ಪ್ರೋಟೀನ್ ಹೋಗುತ್ತಿತ್ತು. ಕಾರ್ಡಿಗೆ ಕೆಂಪು ಚೀಟಿ ಅಂಟಿಸಿದರು. ಡಾಕ್ಟರು ಬಿ.ಪಿ. ಇಳಿಸುವ ಗುಳಿಗೆ ಕೊಟ್ಟು, ಫಿಟ್ಸ್ ಬರದಂತೆ ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಹಾಕಿಸಿ, 108ಕ್ಕೆ ತಾವೇ ಫೋನ್ ಮಾಡಿದರು. ನನಗೆ ಸುದ್ದಿ ಮುಟ್ಟಿದಾಗ ಗಾಡಿ ಆಗಲೇ ಊರು ಬಿಟ್ಟಿತ್ತು. ನಾನು ಧಾರವಾಡದಿಂದ ಹುಬ್ಬಳ್ಳಿಯ ಕಿಮ್ಸ್ ದವಾಖಾನೆ ಮುಟ್ಟುವುದಕ್ಕೂ ಆಕೆಯನ್ನು ಸ್ಟ್ರೆಚರ್ ಮೇಲೆ ಇಳಿಸುವುದಕ್ಕೂ ಸರಿಹೋಯಿತು.

ಸಲೈನ್ ಹಚ್ಚಲು ಕೈಯಲ್ಲಿ ಜಾಗವಿರಲಿಲ್ಲ. ಕುಬಸದ ಹಸಿರು ಬಳೆ ಬಾತ ಮಾಂಸದಲ್ಲಿ ಹುದುಗಿ ಕೂತಿದ್ದವು. ಸಾಬೂನು ಹಚ್ಚಿ ಎಳೆದರು, ಬರಲಿಲ್ಲ. ಸಿಸ್ಟರ್ ಒಬ್ಬರು ಬಟ್ಟೆ ಸುತ್ತಿ ಒಂದೊಂದನ್ನೇ ಒಡೆದರು. ನಮ್ಮ ಕಡೆ ಬಳೆ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ಅತ್ತೆಯವರು ಗೋಡೆಗೆ ಮುಖ ಮಾಡಿ ನಿಂತು ಅಳುತ್ತಾ, "ಹೆಚ್ಚಿದುವು, ಹೆಚ್ಚಿದುವು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಅಂದು ರಾತ್ರಿ ಕಾರಿಡಾರಿನಲ್ಲಿ ಕೂತಾಗ ಅವರು ನನಗೆ ಒಂದು ಮಾತು ಹೇಳಿದರು. "ಅಳಿಯಂದ್ರ, ನನಗೂ ಹಿಂಗ ಆಗಿತ್ತು. ಚೊಚ್ಚಲ ಬಸುರಾಗ. ಎಂಟರಾಗ ಮೂರ್ಛಿ ಬಂದು ಬಿದ್ದೆ. ಕೂಸು ಉಳೀಲಿಲ್ಲ." ನನ್ನ ಹೆಂಡತಿಯೇ ಅವರ ಮೊದಲ ಮಗು ಎಂದು ನಾನು ತಿಳಿದಿದ್ದೆ. ಆಕೆಯೂ ಹಾಗೇ ತಿಳಿದಿದ್ದಳು. ಮೂವತ್ತು ವರ್ಷ ಅವರು ಬಾಯಿ ಬಿಟ್ಟಿರಲಿಲ್ಲ. ಬಸುರಿಯ ಮುಂದೆ ಅಂಥ ಮಾತು ಆಡಬಾರದು ಎಂದು. ಅವರನ್ನು ಹೇಗೆ ತಪ್ಪು ಅನ್ನಲಿ? ಆದರೆ ಹುಬ್ಬಳ್ಳಿಯ ಆ ನರ್ಸಿಂಗ್ ಹೋಮಿನಲ್ಲಿ ಒಮ್ಮೆಯೂ, "ನಿಮ್ಮ ತಾಯಿಗೆ, ಅಕ್ಕತಂಗ್ಯಾರಿಗೆ ಬಸುರಾಗ ಬಿ.ಪಿ. ಇತ್ತೇನು" ಎಂದು ಕೇಳಲಿಲ್ಲ. ಕೇಳಿದ್ದರೆ ಈಕೆ ತಾಯಿಯನ್ನು ಕೇಳುತ್ತಿದ್ದಳು.

ಇದಕ್ಕೆ ಪ್ರೀಎಕ್ಲಾಂಪ್ಸಿಯಾ ಅನ್ನುತ್ತಾರೆ. ಅಲ್ಲಿಯ ಡಾಕ್ಟರು ತಾಳ್ಮೆಯಿಂದ ತಿಳಿಸಿ ಹೇಳಿದರು. ಕೂಸಿಗೆ ರಕ್ತ ಒಯ್ಯುವ ಮಾಸು ಗರ್ಭಕೋಶದಲ್ಲಿ ಶುರುವಿಗೇ ಸರಿಯಾಗಿ ಬೇರೂರದಿದ್ದರೆ, ತಾಯಿಯ ರಕ್ತನಾಳಗಳು ಮುಂದೆ ಕೆಡುತ್ತವೆ. ಬಿ.ಪಿ. ಏರುತ್ತದೆ, ಮೂತ್ರಪಿಂಡ ಸೋರುತ್ತದೆ, ಲಿವರ್ ಬಾಯುತ್ತದೆ. ಪಕ್ಕೆಲುಬಿನ ಕೆಳಗಿನ ಆ ನೋವು ಕೂಸು ಒದ್ದದ್ದಲ್ಲ, ಲಿವರಿನದು. 20 ವಾರ ದಾಟಿದ ಮೇಲೆ 140/90 ಅಥವಾ ಅದಕ್ಕೂ ಮೇಲೆ ಹೋದರೆ ಎಚ್ಚರ, 160/110 ಮುಟ್ಟಿದರೆ ಅದೇ ಗಳಿಗೆ ಆಸ್ಪತ್ರೆ. ಮೊದಲ ಬಸುರಿನಲ್ಲಿ ಇದರ ಭಯ ಹೆಚ್ಚು, ತಾಯಿಗೋ ಅಕ್ಕತಂಗಿಗೋ ಆಗಿದ್ದರೆ ಇನ್ನೂ ಹೆಚ್ಚು. ಅಂಥವರಿಗೆ ಮೊದಲೇ ಗೊತ್ತಾದರೆ ಮೂರು ನಾಲ್ಕನೇ ತಿಂಗಳಿಂದ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟು ಅಪಾಯ ತಗ್ಗಿಸಲು ಬರುತ್ತದೆ. ಅದನ್ನು ಡಾಕ್ಟರೇ ಹೇಳಬೇಕು, ಮನೆಯಲ್ಲಿ ನಾವಾಗಿ ನುಂಗಬಾರದು. ಒಮ್ಮೆ ಬಂದ ಮೇಲೆ ಇದಕ್ಕೆ ಕೊನೆಯ ಮದ್ದು ಹೆರಿಗೆ ಒಂದೇ.

ಆಗ 33ನೇ ವಾರ ನಡೆದಿತ್ತು. ಕೂಸಿನ ಪುಪ್ಪುಸ ಗಟ್ಟಿಯಾಗಲಿ ಎಂದು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಹನ್ನೆರಡು ತಾಸಿಗೊಂದರಂತೆ ನಾಲ್ಕು ಕೊಟ್ಟರು. ಆಕೆಯ ರಕ್ತದಲ್ಲಿ ಹೆಪ್ಪುಗಟ್ಟಿಸುವ ಕಣ, ಪ್ಲೇಟ್‌ಲೆಟ್, ಇಳಿಯತೊಡಗಿದಾಗ ಇನ್ನು ಕಾಯುವುದು ಬೇಡವೆಂದು ಸಿಸೇರಿಯನ್ ಮಾಡಿದರು. ಹೆಣ್ಣುಕೂಸು, 1 ಕಿಲೋ 650 ಗ್ರಾಂ. ಹದಿನೇಳು ದಿನ ನವಜಾತ ಶಿಶು ಘಟಕದಲ್ಲಿತ್ತು. ಆಕೆ ಏಳುವ ಹಾಗಿರದ ದಿನಗಳಲ್ಲಿ ಅಂಗಿ ಬಿಚ್ಚಿ ಎದೆಗವಚಿಕೊಂಡು ಕಾಂಗರೂ ಆರೈಕೆ ಮಾಡಿದ್ದು ನಾನು. ಅಂಗೈಯಷ್ಟು ಬೆನ್ನು, ಉಸಿರಾಡುವಾಗ ಗುಬ್ಬಿಯಂತೆ ಅದುರುತ್ತಿತ್ತು.

ಹೆರಿಗೆಯಾದ ಮೇಲೆ ಎಲ್ಲ ಮುಗಿಯಿತೆಂದು ನಾವು ಅಂದುಕೊಂಡದ್ದೂ ತಪ್ಪೇ ಆಗಿತ್ತು. ಮೂರನೇ ದಿನ ಬಿ.ಪಿ. ಮತ್ತೆ ಏರಿತು. ಬಾಣಂತನದ ಆರು ವಾರದವರೆಗೂ ಇದು ಕಾಡಬಹುದಂತೆ. ಬಾಣಂತಿಗೆ ತಲೆನೋವು ಬಂದರೆ ಥಂಡಿ ಹಿಡಿದಿದೆ ಎಂದು ತಲೆಗೆ ಬಟ್ಟೆ ಬಿಗಿದು ಮೂಲೆಗೆ ಮಲಗಿಸುವ ನಮ್ಮ ಮನೆಗಳಲ್ಲಿ ಇದನ್ನು ಎಲ್ಲರಿಗೂ ಹೇಳಬೇಕು. ಆಕೆ ಆರು ವಾರ ಗುಳಿಗೆ ತೆಗೆದುಕೊಂಡಳು. ಮುಂದೆಯೂ ವರ್ಷಕ್ಕೊಮ್ಮೆಯಾದರೂ ಬಿ.ಪಿ. ನೋಡಿಸಬೇಕು, ಇನ್ನೊಂದು ಮಗು ಬೇಕೆಂದಾಗ ಮೊದಲ ತಿಂಗಳಲ್ಲೇ ಈ ಕಥೆ ಡಾಕ್ಟರಿಗೆ ಹೇಳಬೇಕು.

ಈಗ ನೀವು ಮಾಡಬೇಕಾದದ್ದು. ಪ್ರತಿ ತಪಾಸಣೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿದರೋ ಇಲ್ಲವೋ ನೋಡಿ. ಕಟ್ಟದಿದ್ದರೆ ಎದ್ದು ಬರಬೇಡಿ, "ಕಟ್ಟಿ ನೋಡ್ರಿ" ಅನ್ನಿ. ಗದ್ದಲದಲ್ಲಿ ನಾಚಿಕೆಯಾಗುತ್ತದೆ, ಆದರೂ ಅನ್ನಿ. ಗಂಡಸರೇ, ಇದು ನಿಮ್ಮ ಕೆಲಸ. ಹೊರಗೆ ಬೈಕಿನ ಮೇಲೆ ಕೂತು ಕಾಯಬೇಡಿ. ಅಂಕಿಯನ್ನು ನೀವೇ ಬರೆದುಕೊಳ್ಳಿ, ಹಿಂದಿನದರ ಜೊತೆ ಹಿಡಿದು ನೋಡಿ. ಪ್ರತಿ ಸಲವೂ ಅಚ್ಚುಹಾಕಿದಂತೆ ಅದೇ ಅಂಕಿ ಇದ್ದರೆ ಅನುಮಾನಪಡಿ. ಬಿ.ಪಿ. ಮೆಟ್ಟಿಲು ಹತ್ತಿದರೆ ಏರುತ್ತದೆ, ಕೂತರೆ ಇಳಿಯುತ್ತದೆ, ಹಾಗೆ ಒಂದೇ ಕಡೆ ನಿಲ್ಲುವಂಥದ್ದಲ್ಲ. ಮೂತ್ರ ಪರೀಕ್ಷೆಯನ್ನೂ ಬಿಡಬೇಡಿ. ಹೆಂಡತಿ ತವರಿಗೆ ಹೊರಟರೆ ಸೀರೆಗಿಂತ ಮೊದಲು ಫೈಲು ಮತ್ತು ತಾಯಿ ಕಾರ್ಡು ಚೀಲಕ್ಕೆ ಬೀಳಲಿ. ಅಲ್ಲಿ ಮುಂದಿನ ತಪಾಸಣೆ ಎಲ್ಲಿ, ಯಾವ ದಿನ ಎಂಬುದು ಹೊರಡುವ ಮುಂಚೆಯೇ ಗೊತ್ತಾಗಿರಲಿ. ನಮ್ಮಲ್ಲಿ ಆ ಮೂರು ವಾರ ಆಕೆಯನ್ನು ಯಾವ ಡಾಕ್ಟರೂ ನೋಡಿರಲಿಲ್ಲ. ನೀವು ಅಂದುಕೊಂಡಿದ್ದೀರಿ, ಅವರ ತಾಯಿ ನೋಡಿಕೊಳ್ಳುತ್ತಾರೆ ಎಂದು. ನಾನೂ ಹಾಗೇ ಅಂದುಕೊಂಡಿದ್ದೆ.

ಸಂಜೆಗೆ ಕಾಲು ತುಸು ಬಾಯುವುದು ಬಹಳ ಮಂದಿಗೆ ಆಗುತ್ತದೆ. ಮುಖ, ಕೈ ಒಮ್ಮೆಲೇ ಬಾತರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮೇಲ್ಹೊಟ್ಟೆ ನೋವು ಬಂದರೆ, ಉಸಿರು ಕಟ್ಟಿದರೆ, ಕೂಸು ಆಡುವುದು ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ.

ನರ್ಸಿಂಗ್ ಹೋಮಿಗೆ ಹೋಗಿ ಕೇಳಿದೆ. ಮೇಡಮ್ಮಾರು ಸಿಗಲಿಲ್ಲ. ಮ್ಯಾನೇಜರ್, "ತಾಯಿ ಮಗು ಇಬ್ರೂ ಆರಾಮ ಅದಾರಲ್ರಿ, ಮತ್ತ್ಯಾಕ ಕೆದಕ್ತೀರಿ" ಅಂದ. ಮೂಲ ಫೈಲು ನಮ್ಮ ಬಳಿಯೇ ಇದ್ದದ್ದು ಒಳ್ಳೆಯದಾಯಿತು. ಅವರ ರಿಜಿಸ್ಟರಿನ ನಕಲು ಬೇಕೆಂದು ಬರೆದುಕೊಟ್ಟಿದ್ದೇನೆ. ರೋಗಿ ಕೇಳಿದರೆ ದಾಖಲೆಯನ್ನು 72 ತಾಸಿನೊಳಗೆ ಕೊಡಬೇಕೆಂದು ವೈದ್ಯರ 2002ರ ನಿಯಮಾವಳಿಯಲ್ಲೇ ಇದೆ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಅಲ್ಲಿಗೂ ಅರ್ಜಿ ಹಾಕಿದ್ದೇವೆ. ಆ ಕೌಂಟರಿನ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆಕೆಗೆ ಯಾರೂ ಕಲಿಸಿರಲಿಕ್ಕಿಲ್ಲ. ಕೆಟ್ಟ ಮಶೀನಿಗೆ ಎರಡು ಸೆಲ್ ಹಾಕಿಸದವರ ಮೇಲೆ ಸಿಟ್ಟಿದೆ.

ನನ್ನ ತಂಗಿಗೆ ಈಗ ಐದು ತಿಂಗಳು, ಸವಣೂರಿನಲ್ಲಿದ್ದಾಳೆ. ಹೋದ ವಾರ ಬಿ.ಪಿ. ಮಶೀನ್ ಕೊಟ್ಟು ಬಂದೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕಾಲ ಮೇಲೆ ಕಾಲು ಹಾಕದೆ, ತೋಳು ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕೆಂದು ತೋರಿಸಿದೆ. ದವಾಖಾನೆಗೆ ಹೋದಾಗ ಒಮ್ಮೆ ಅವರ ಮಶೀನಿನ ಜೊತೆ ತಾಳೆ ನೋಡು ಎಂದೂ ಹೇಳಿದೆ. ನಿನ್ನೆ ಫೋನ್ ಮಾಡಿದ್ದಳು. "ಅಣ್ಣಾ, ಮೊದಲ 128/82 ಬಂತು, ಮ್ಯಾಲಿಂದ ಈಗಷ್ಟ ಇಳಿದು ಬಂದಿದ್ದೆ. ಕೂತು ನೋಡಿದ್ರ 114/74. ಯಾವ್ದು ಬರೀಲಿ?"

ಎರಡೂ ಬರದಿಡು ಅಂದೆ.