ಹೊಟ್ಟೆ ಆಪರೇಷನ್ ಚೆನ್ನಾಗಾಯ್ತು, ಅಮ್ಮನ ಕಣ್ಣನ್ನು ಯಾರೂ ನೋಡಲಿಲ್ಲ

ಐದಕ್ಕೆ ಎರಡು ಸ್ಟಾರ್. ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಮಾಡಿಸಿದೆವು, ಹೆಸರು ಬರೆಯಲ್ಲ. ಸರ್ಜನ್ ಕೆಲಸದ ಬಗ್ಗೆ ಎರಡು ಮಾತಿಲ್ಲ. ಹೊಟ್ಟೆ ಮೇಲೆ ನಾಲ್ಕು ಸಣ್ಣ ಗಾಯ, ಅಷ್ಟೇ. ರೂಮೂ ಚೊಕ್ಕವಾಗಿತ್ತು.

ಸಂಜೆ ವಾರ್ಡಿಗೆ ತಂದಾಗ ಅಮ್ಮ ಹೊಟ್ಟೆನೋವು ಅನ್ನಲೇ ಇಲ್ಲ. "ಎಡಗಣ್ಣಲ್ಲಿ ಮರಳು ಹಾಕ್ದಂಗೈತೆ ಕಣಪ್ಪ" ಅಂದಳು. ಕಣ್ಣು ಕೆಂಪಗಾಗಿತ್ತು, ನೀರು ಸುರಿದು ದಿಂಬಿನ ಒಂದು ಮಗ್ಗುಲು ಒದ್ದೆ, ಟ್ಯೂಬ್‌ಲೈಟ್ ಹಾಕಿದರೆ ಟವಲ್ ಎಳೆದು ಮುಖ ಮುಚ್ಚಿಕೊಳ್ಳುತ್ತಿದ್ದಳು. "ಮತ್ತಿನ ಮಂಪರು ಸರ್, ಬೆಳಿಗ್ಗೆ ಸರಿಹೋಗುತ್ತೆ" ಅಂದರು ನರ್ಸ್. ರಾತ್ರಿ ಮೂರು ಸಲ ಹೋಗಿ ಕರೆದೆ. ಡ್ಯೂಟಿ ಡಾಕ್ಟರ್ ಬಂದು ಬಿಪಿ ನೋಡಿ ಹೋದರು, ರೆಪ್ಪೆ ಎತ್ತಿ ನೋಡಲಿಲ್ಲ. ಕಣ್ಣುಜ್ಜದ ಹಾಗೆ ಅಮ್ಮನ ಕೈ ಹಿಡಿದು ಬೆಳಗಿನವರೆಗೂ ಕೂತಿದ್ದೆ.

ಬೆಳಿಗ್ಗೆ ಹಟ ಮಾಡಿ ಬಿ.ಎಚ್. ರಸ್ತೆಯ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಣ್ಣ ಹಚ್ಚಿದ ಸಣ್ಣ ಪೇಪರ್ ಪಟ್ಟಿಯನ್ನು ಕಣ್ಣಿಗೆ ತಾಗಿಸಿ, ನೀಲಿ ಲೈಟ್ ಬಿಟ್ಟು, ನನಗೂ ತೋರಿಸಿದರು. ಕರಿಗುಡ್ಡೆ ಮೇಲೆ ಹಸಿರಾಗಿ ಹೊಳೆಯುವ ಗೆರೆ! ಕಾರ್ನಿಯಾ, ಅಂದರೆ ಕರಿಗುಡ್ಡೆ ಮೇಲಿನ ಗಾಜಿನಂಥ ಪದರ, ತರಚಿತ್ತು. ಪೂರ್ತಿ ಮತ್ತು ಕೊಟ್ಟಾಗ ಎಷ್ಟೋ ಜನಕ್ಕೆ ರೆಪ್ಪೆ ಸರಿಯಾಗಿ ಮುಚ್ಚಲ್ಲವಂತೆ, ಕಣ್ಣೀರೂ ಕಡಿಮೆಯಾಗುತ್ತಂತೆ, ಒಣಗಿದ ಕಣ್ಣಿಗೆ ಮಾಸ್ಕೋ ಬಟ್ಟೆಯೋ ತಗುಲಿದರೂ ಸಾಕು. ಅದಕ್ಕೇ ಮತ್ತು ಬಂದ ಕೂಡಲೇ ರೆಪ್ಪೆ ಮುಚ್ಚಿ ಟೇಪ್ ಹಾಕುವುದು. ಅಮ್ಮನಿಗೆ ಹಾಕಿದ್ದರಾ ಅಂತ ಆಸ್ಪತ್ರೆಯಲ್ಲಿ ಕೇಳಿದರೆ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ.

ಆಂಟಿಬಯೋಟಿಕ್ ಮುಲಾಮು, ಡ್ರಾಪ್ಸ್. ಎರಡು ದಿನಕ್ಕೆ ಉರಿ ಹೋಯ್ತು. ಆದರೆ ಆ ಡಾಕ್ಟರ್ ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಹೋಗಿಲ್ಲ. ಕಣ್ಣುನೋವಿನ ಜೊತೆ ತಲೆನೋವು, ವಾಂತಿ, ಲೈಟಿನ ಸುತ್ತ ಬಣ್ಣದ ಬಳೆ ಕಂಡರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು. ಬೆನ್ನುಮೂಳೆ ಆಪರೇಷನ್‌ಗೆ ತುಂಬಾ ಹೊತ್ತು ಬೋರಲು ಮಲಗಿಸಿದವರಿಗೆ, ಅಪರೂಪಕ್ಕೆ, ನೋವೇ ಇಲ್ಲದೆ ದೃಷ್ಟಿ ಹೋಗುವುದೂ ಉಂಟು. ಅಂಥದ್ದಕ್ಕೆ ಬೆಳಿಗ್ಗೆವರೆಗೂ ಕಾಯೋ ಹಾಗಿಲ್ಲ. ನಮ್ಮನ್ನು ಕಾಯಿಸಿದವರು ಅಮ್ಮನದು ಯಾವುದು ಅಂತ ನೋಡಿಯೇ ಇರಲಿಲ್ಲ, ಅಲ್ವಾ?

ಇಲ್ಲಿಗೆ ಹೋಗಬೇಡಿ ಅನ್ನಲ್ಲ. ಮತ್ತು ಕೊಡುವ ಡಾಕ್ಟರ್ ಆಪರೇಷನ್‌ಗೆ ಮೊದಲು ಬಂದು ಮಾತಾಡಿಸುತ್ತಾರಲ್ಲ, ಕಣ್ಣಿಗೆ ಟೇಪ್ ಹಾಕ್ತೀರಾ ಅಂತ ಅವರನ್ನೇ ಕೇಳಿ. ಅಮ್ಮನ ಡಿಸ್ಚಾರ್ಜ್ ಹಾಳೆಯಲ್ಲಿ ಕಣ್ಣಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೌಂಟರ್ ಮುಂದೆ ಒಂದು ಗಂಟೆ ನಿಂತು ಬರೆಸಿಕೊಂಡೇ ಮನೆಗೆ ಬಂದೆವು.