ಸುಗ್ಗಿ ಹಬ್ಬದ ಏಲಂ: ಲೆಕ್ಕ ಹಾಕಿದರೆ ನಷ್ಟ, ಆದರೂ ಹೋಗಿ

ನಾಲ್ಕು ಕಿಲೋ ತೂಗುವ ಸಿಹಿಗುಂಬಳಕ್ಕೆ 1,800 ರೂಪಾಯಿ. ಊರಕೋಳಿ ಮೊಟ್ಟೆ ಒಂದಕ್ಕೆ 500, ಅದೂ ಮೊದಲ ಸುತ್ತಿನಲ್ಲಿ. ಜೀವಮಾನವಿಡೀ ದಿನಸಿ ಅಂಗಡಿ ನಡೆಸಿ ಈಗ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟುಕೊಟ್ಟವನು ನಾನು. ಇಂಥ ದರ ಕಿವಿಗೆ ಬಿದ್ದರೆ ಈಗಲೂ ಹೊಟ್ಟೆ ತೊಳಸುತ್ತದೆ. ಉಡುಪಿ ಕಡೆಯ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಮಳೆ ಬಿಟ್ಟು ಭತ್ತ ಮನೆ ಸೇರಿದ ಮೇಲೆ ಒಂದು ಭಾನುವಾರ ನಡೆಯುವ ಏಲಂ ಇದು. ಹೋಟೆಲಿಗೆ, ಮಿಕ್ಸಿಗೆ, ಹಲ್ಲಿನ ಡಾಕ್ಟರಿಗೆ ಎಲ್ಲ ಜನ ನಕ್ಷತ್ರ ಕೊಡುತ್ತಾರಲ್ಲ, ಇದಕ್ಕೆ ನಾನು ಕೊಡುತ್ತೇನೆ. ಸಭೆಯ ಹೆಸರು ಮಾತ್ರ ಹಾಕುವುದಿಲ್ಲ. ಬರುವ ಭಾನುವಾರವೂ ಅದೇ ಬೆಂಚಿನಲ್ಲಿ ಕೂರಬೇಕು.

ವ್ಯವಹಾರ ನಡೆಯುವುದು ಹೀಗೆ. ಬೆಳಗಿನ ಆರಾಧನೆಗೆ ಬರುವಾಗಲೇ ಮನೆಯಲ್ಲಿ ಬೆಳೆದದ್ದನ್ನು ತಂದು ಮುಂದುಗಡೆ ಇಡುತ್ತಾರೆ. ಬಾಳೆಗೊನೆ, ಬಸಳೆ ಕಟ್ಟು, ತೆಂಗಿನಕಾಯಿ, ಹೊಸ ಅಕ್ಕಿ, ಕಾಲು ಕಟ್ಟಿದ ಹುಂಜ. ಜಾಗ ಇಲ್ಲದವರು ಕೇಕು ಮಾಡಿ ತರುತ್ತಾರೆ, ಇಲ್ಲವೇ ಮಿಡಿ ಉಪ್ಪಿನಕಾಯಿ. ಪಾದ್ರಿಗಳ ಪ್ರಸಂಗದ (ಉಪದೇಶದ) ನಡುವೆ ಹುಂಜ ಕೂಗಿಯೇ ಕೂಗುತ್ತದೆ, ಹುಂಜ ಕೂಗುವ ಮುಂಚೆ ಮೂರು ಸಲ ಯೇಸು ಯಾರೋ ಗೊತ್ತಿಲ್ಲ ಎಂದ ಶಿಷ್ಯ ಪೇತ್ರನ ಕಥೆ ಗೊತ್ತಿದ್ದವರೆಲ್ಲ ಬಗ್ಗಿ ನಗುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಕೂಗುವವರು ನಿವೃತ್ತ ಪಿಟಿ ಮಾಸ್ಟ್ರು, ಅವರಿಗೆ ಮೈಕೇ ಬೇಡ. ಗೆದ್ದವನು ಹಣ ಕೊಟ್ಟು ವಸ್ತುವನ್ನು ಮನೆಗೆ ಒಯ್ಯಬೇಕೆಂದಿಲ್ಲ. 'ಇನ್ನೊಮ್ಮೆ ಕೂಗಿ ಮಾಸ್ಟ್ರೇ' ಎಂದು ವಾಪಸು ಕೊಡಬಹುದು. ಮೊನ್ನೆ ಆ ಮೊಟ್ಟೆ ಹೀಗೇ ಕೈಯಿಂದ ಕೈಗೆ ತಿರುಗಿತು. ಕೊನೆಗೆ ಗೆದ್ದ ಹುಡುಗ ಅದನ್ನು ಅಂಗಿ ಜೇಬಿಗೆ ಹಾಕಿಕೊಂಡ. ಮನೆ ಮುಟ್ಟಿತೋ ಇಲ್ಲವೋ.

ಚರ್ಚಿನಲ್ಲಿ ಹೀಗೆ ಸುಗ್ಗಿ ಆಚರಿಸುವ ಈಗಿನ ಕ್ರಮ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯದು, 1843ರಲ್ಲಿ ಮೋರ್ವೆನ್‌ಸ್ಟೋ ಎಂಬ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರ್ ಶುರುಮಾಡಿದ್ದು. ಬೇರು ಅದಕ್ಕಿಂತ ಹಳೆಯದು. ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಹಬ್ಬಗಳ ನಿಯಮ ಹೇಳುತ್ತಾ ಹೇಳುತ್ತಾ ನಡುವೆ ಒಂದು ಮಾತು ಬರುತ್ತದೆ: ಪೈರು ಕೊಯ್ಯುವಾಗ ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬೇಡ, ಬಡವನಿಗೂ ಪರದೇಶಿಗೂ ಬಿಡು. ಹಬ್ಬದ ಪಟ್ಟಿಯ ನಡುವೆ ಈ ಮಾತು ಯಾಕೆ ಬಂತು ಎಂದು ಯೋಚಿಸಿದರೆ, ಈ ಏಲಂ ಯಾಕೆ ಬೇಕು ಎಂಬುದಕ್ಕೂ ಅರ್ಧ ಉತ್ತರ ಸಿಗುತ್ತದೆ.

ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಇರಲಿಲ್ಲ. ಸ್ವಿಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಸಭೆಗೆ ಸೇರಿದವರನ್ನು ಮನೆಯವರೂ ಜಾತಿಯವರೂ ಹೊರಗೆ ಹಾಕಿದರು, ಗೇಣಿ ಭೂಮಿ ಹೋಯಿತು, ಕುಲಕಸುಬೂ ಹೋಯಿತು. ಅವರ ಹೊಟ್ಟೆಪಾಡಿಗೆಂದೇ ಮಿಶನ್ನು ಮಗ್ಗ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಸಭೆ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಅವರ ಮರಿಮಕ್ಕಳು ನಾವು. ನಮ್ಮ ಮಕ್ಕಳು ದುಬಾಯಿಯಲ್ಲಿ, ಬೆಂಗಳೂರಿನಲ್ಲಿ ಇದ್ದಾರೆ. ಅಕ್ಕಿಗಾಗಿ ಯಾರಿಗೂ ಚರ್ಚು ಬೇಡ. ಹಾಗಾಗಿ ಸಿಮ್ಮು ಬದಲಾಯಿಸಿದಂತೆ ಚರ್ಚು ಬದಲಾಯಿಸುತ್ತೇವೆ. ಎಸಿ ಇದೆಯಾ, ಪಾರ್ಕಿಂಗ್ ಇದೆಯಾ, ಪ್ರಸಂಗ ಅರ್ಧ ಗಂಟೆಯೊಳಗೆ ಮುಗಿಯುತ್ತದಾ, ಹಾಡು ನನಗೆ ಹಿಡಿಸುತ್ತದಾ? ಗಿರಾಕಿ ಹೇಳಿದ್ದೇ ಸರಿ ಎನ್ನುವುದು ನನ್ನ ಅಂಗಡಿಯಲ್ಲಿ ಬಿಡದೆ ಪಾಲಿಸಿದ ನಿಯಮ. ಗಲ್ಲಾಪೆಟ್ಟಿಗೆ ತುಂಬಲು ಒಳ್ಳೆಯದು ಅದು. ಮನುಷ್ಯನಿಗೆ ಒಳ್ಳೆಯದೋ ಎಂದು ಕೇಳಿದರೆ ನಾನು ಹೂಂ ಅನ್ನುವುದಿಲ್ಲ.

ಏಲಮಿನಲ್ಲಿ ಗಿರಾಕಿಯ ಆಟ ನಡೆಯುವುದಿಲ್ಲ. ನಮ್ಮಲ್ಲಿ ಮನೆಗೆಲಸ ಮಾಡುವ ಒಬ್ಬ ಅಕ್ಕ ಪ್ರತಿ ಸಲ ಒಂದು ಕಟ್ಟು ಬಸಳೆ ತರುತ್ತಾರೆ. ಅಂಗಡಿಯಲ್ಲಿ ಅದಕ್ಕೆ ಮೂವತ್ತೋ ನಲವತ್ತೋ. ಮೊನ್ನೆ ಅದು ಬಾಳೆಗೊನೆಯ ದರವನ್ನೂ ದಾಟಿತು. ಹಾಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಹಿಂದಿನಿಂದ ಆಟೋದವನು ಏರಿಸಿದ, ಮುಂದೆ ಕೂತ ಬ್ಯಾಂಕ್ ಮ್ಯಾನೇಜರಮ್ಮ ಏರಿಸಿದರು, ಇಪ್ಪತ್ತು ವರ್ಷ ನನ್ನ ಎದುರು ಅಂಗಡಿ ಇಟ್ಟು ನನ್ನ ಗಿರಾಕಿಗಳನ್ನು ಎಳೆದವನೂ ಏರಿಸಿದ. ಅವನಿಗೆ ಬಿಟ್ಟುಕೊಡಬಾರದೆಂದು ನಾನೂ ಏರಿಸಿದೆ. ಉದ್ದೇಶ ಏನೇ ಇರಲಿ, ಹಣ ಬಿತ್ತು. ಆ ಅಕ್ಕ ತಲೆ ಎತ್ತಿ ನಿಂತಿದ್ದರು. ಈ ಮೂವರಲ್ಲಿ ಒಬ್ಬರನ್ನೂ ನಾನಾಗಿ ಸ್ನೇಹಕ್ಕೆ ಆರಿಸಿಕೊಳ್ಳುತ್ತಿರಲಿಲ್ಲ. ಆರಿಸದವರ ಜೊತೆ ಕೂತು, ಬೇಡದ ಬಸಳೆಗೆ ಹಣ ಹಾಕಿಸುವ ಜಾಗ ಇದೊಂದೇ ಉಳಿದಿದೆ.

ಇನ್ನು ದೂರುಗಳು. ಗೆದ್ದವರ ಹೆಸರನ್ನು ಮನೆತನ ಸಮೇತ ಮೈಕಿನಲ್ಲಿ ಹೇಳುವುದನ್ನು ಈಗ ಶುರುಮಾಡಿದ್ದಾರೆ. ಒಂದು ಪ್ಲಮ್ ಕೇಕಿಗಾಗಿ ಇಬ್ಬರು ಕಂಟ್ರಾಕ್ಟರುಗಳು ಹನ್ನೆರಡು ಸಾವಿರದ ತನಕ ಹೋದರು. ಕೇಕು ಯಾರಿಗೆ ಬೇಕಿತ್ತು? ಹೆಸರು ಬೇಕಿತ್ತು. ಒಳಗಿನ ಫ್ಯಾನುಗಳ ರೆಕ್ಕೆಯ ಮೇಲೂ ದಾನಿಗಳ ಹೆಸರಿದೆ. ಪುಣ್ಯಕ್ಕೆ ಫ್ಯಾನು ತಿರುಗುವಾಗ ಓದಲಾಗುವುದಿಲ್ಲ. ಹೊರಗೆ ಬಿಟ್ಟುಬರಬೇಕಾದ 'ನಾನು' ಎಂಬುದನ್ನೇ ಒಳಗೆ ಮೈಕು ಕೊಟ್ಟು ಕೂರಿಸಿದರೆ, ಆ ಸರಕು ನನ್ನ ಅಂಗಡಿಯಲ್ಲೂ ಸಿಗುತ್ತದೆ.

ಊಟ ಚೆನ್ನಾಗಿತ್ತು. ತುಪ್ಪದನ್ನ, ಕೋಳಿ ಸುಕ್ಕ, ಕಡಲೆ ಗಸಿ. ಸ್ತ್ರೀ ಸಂಘದವರ ಗೋಳಿಬಜೆಗೆ ಪೂರ್ತಿ ಅಂಕ. ಆದರೆ ದೊಡ್ಡ ದೇಣಿಗೆದಾರರಿಗೆ ಬೇರೆ ಶಾಮಿಯಾನ, ಬಟ್ಟೆ ಹಾಸಿದ ಮೇಜು, ಬಡಿಸುವವರು. ಉಳಿದವರು ತಟ್ಟೆ ಹಿಡಿದು ಬಿಸಿಲಲ್ಲಿ ಸಾಲು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ದಿನ, ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದ ಮಾತುಗಳನ್ನು ನಾವು ಕೇಳುತ್ತೇವೆ, 23ನೇ ವಚನದಿಂದ. ಅದಕ್ಕೆ ಸ್ವಲ್ಪ ಮೇಲೆ, 21ರಲ್ಲಿ, ಪೌಲನು ಬೈಯುವುದು ಇದನ್ನೇ: ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ. ನಮ್ಮ ಪಾದ್ರಿ ಅಯ್ಯನವರು ಒಂದು ಸಲ ಅಲ್ಲಿಂದ ಓದಲಿ, ಶಾಮಿಯಾನದ ಬಾಡಿಗೆ ಉಳಿಯುತ್ತದೆ.

ಲೆಕ್ಕದ ವಿಷಯ. ಒಟ್ಟು ಎಷ್ಟು ಬಂತು ಎಂದು ಅಂದೇ ಹೇಳಿದರು, ಮೆಚ್ಚಬೇಕು. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ ಬಂದ ಉತ್ತರ ಅಂಗಳಕ್ಕೆ ಇಂಟರ್‌ಲಾಕ್ ಹಾಸುಕಲ್ಲು. ಇದೇ ಉಡುಪಿಯಲ್ಲಿ 1923ರಲ್ಲಿ ಸ್ವಿಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಹೆಂಗಸರು ಮಕ್ಕಳಿಗಾಗಿ ಆಸ್ಪತ್ರೆ ತೆರೆದರು. ಇವತ್ತಿಗೂ ಊರವರಿಗೆ ಅದು ಮಿಶನ್ ಆಸ್ಪತ್ರೆ. ಬಾಗಿಲಲ್ಲಿ ನಿಂತು ನೀನು ಯಾವ ಸಭೆಯವಳು ಎಂದು ಕೇಳಿ ಹೆರಿಗೆ ಮಾಡಿಸಿದ ಆಸ್ಪತ್ರೆ ಅಲ್ಲ ಅದು. ಇಂಟರ್‌ಲಾಕ್ ಬೇಡ ಎನ್ನುತ್ತಿಲ್ಲ, ಮಳೆಗೆ ಕೆಸರಾಗುತ್ತದೆ. ಆದರೆ ಹೊಲದ ಮೂಲೆ ಎಂದು ಏಲಂ ಹಣದ ಹತ್ತರಲ್ಲಿ ಒಂದು ಪಾಲನ್ನಾದರೂ ಸಭೆಯ ರಿಜಿಸ್ಟರಿನಲ್ಲಿ ಹೆಸರಿಲ್ಲದವರಿಗೆ ತೆಗೆದಿಡಲಿ. ಡಯಾಲಿಸಿಸ್‌ಗೆ ವಾರವಾರ ಬಸ್ಸು ಹತ್ತುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಸಭಾ ಸಮಿತಿಗೆ ಬರೆದು ಕೊಟ್ಟಿದ್ದೇನೆ.

ಏಲಮಿಗೆ ಐದರಲ್ಲಿ ನಾಲ್ಕೂವರೆ, ಗೋಳಿಬಜೆಗೆ ಐದು, ಶಾಮಿಯಾನಕ್ಕೆ ಸೊನ್ನೆ, ಮೈಕಿಗೆ ಅದಕ್ಕಿಂತ ಕಡಿಮೆ ಕೊಡಲು ಬರುವುದಿಲ್ಲ. ಕ್ರೈಸ್ತರಲ್ಲದವರೂ ಬರುತ್ತಾರೆ, ಕೂಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಚಿಲ್ಲರೆ ಸಿಗುವುದಿಲ್ಲ, ಗೂಗಲ್ ಪೇ ಇದೆ. ಚೀಲ ನೀವೇ ತನ್ನಿ. ಹುಂಜ ಗೆದ್ದರೆ ಆಟೋದವರು ಹತ್ತಿಸಿಕೊಳ್ಳುವುದಿಲ್ಲ, ಮೊದಲೇ ಮಾತಾಡಿಕೊಳ್ಳಿ.