ಕಾಫಿ ತೋಟದ ದಾರಿಯಲ್ಲಿ ಈಕೋ ಕಾರ್ಗೋ: ದಿನಬಳಕೆಯ ವಿಮರ್ಶೆ

ಪಂಪ್‌ಸೆಟ್ಟು, ಸ್ಪ್ರಿಂಕ್ಲರ್ ಲೈನು, ತೋಟದ ಮನೆಗಳ ವೈರಿಂಗು ರಿಪೇರಿ ಮಾಡುವವರಿಗೆ ಹಾಸನ, ಬೇಲೂರು, ಮೂಡಿಗೆರೆ, ಸಕಲೇಶಪುರ ಸುತ್ತ ಓಡಾಡಲು ಎಂಥ ಗಾಡಿ ಬೇಕು? ಸಾಮಾನು ಮಳೆಯಲ್ಲಿ ನೆನೆಯಬಾರದು. ತೋಟದ ಗೇಟು ದಾಟಿದ ಮೇಲೆ ಸಿಗುವ ಇಕ್ಕಟ್ಟಿನ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಬೇಕು. ಕೆಟ್ಟು ನಿಂತರೆ ಹತ್ತಿರದ ಊರಿನಲ್ಲೇ ಪಾರ್ಟು ಸಿಗಬೇಕು. ಓಮ್ನಿ ತಯಾರಿಕೆ 2019ರಲ್ಲಿ ನಿಂತ ಮೇಲೆ ಈ ಮೂರಕ್ಕೂ ಹೊಂದುವ ಪೆಟ್ರೋಲ್ ವ್ಯಾನ್ ಎಂದು ಉಳಿದದ್ದು ಮಾರುತಿ ಈಕೋ ಕಾರ್ಗೋ. ಉದ್ದ 3,675 ಮಿ.ಮೀ., ಅಗಲ 1,475 ಮಿ.ಮೀ., ತಿರುಗುವ ತ್ರಿಜ್ಯ 4.5 ಮೀಟರ್. ಕಣದ ಮೂಲೆಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಮುಂದೆ, ಲೈನ್ ಮನೆಗಳ ನಡುವಿನ ಓಣಿಯಲ್ಲಿ ಈ ಅಳತೆಯ ಬೆಲೆ ಗೊತ್ತಾಗುತ್ತದೆ. ಮಲೆನಾಡಿನ ಸರ್ವೀಸ್ ಕೆಲಸಕ್ಕೆ ಇದು ಸರಿಯಾದ ಗಾಡಿ. ಆದರೆ ಭಾರ ಎಲ್ಲಿ ಕೂರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎನ್ನುವ ಎರಡು ವಿಷಯ ದಿನವೂ ತಲೆಯಲ್ಲಿರಬೇಕು. ಅವನ್ನು ಬಿಟ್ಟವರ ಗಾಡಿ ಎರಡನೇ ಮಳೆಗಾಲಕ್ಕೇ ಹಳತಾಗುತ್ತದೆ.

ಮೊದಲು ಭಾರದ ಲೆಕ್ಕ. ಶೋರೂಮಿನಲ್ಲಿ ಹೇಳುವ ಅಂಕಿ ಪಕ್ಕಕ್ಕಿಡಿ. ಆರ್‌ಸಿ ತೆಗೆದು ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆಯಿರಿ. ಉಳಿದದ್ದು ನಿಮ್ಮ ಪಾಲು. ಖಾಲಿ ತೂಕದಲ್ಲಿ ಡ್ರೈವರ್ ಸೇರಿರುವುದಿಲ್ಲ, ಆಮೇಲೆ ನೀವು ಕೂರಿಸಿದ ರ‍್ಯಾಕು, ಶೆಲ್ಫು ಯಾವುದೂ ಸೇರಿರುವುದಿಲ್ಲ. 12 ಮಿ.ಮೀ. ಪ್ಲೈವುಡ್‌ನ 8×4 ಹಾಳೆ ಒಂದಕ್ಕೆ 21ರಿಂದ 25 ಕಿಲೋ. ಎರಡು ಹಾಳೆಯ ಶೆಲ್ಫಿಗೆ 45 ಕಿಲೋ, ಮೇಲಿನ ರ‍್ಯಾಕಿಗೆ 25, ಟೂಲ್ ಪೆಟ್ಟಿಗೆಗಳಿಗೆ 60, ಡ್ರೈವರ್ ಸೇರಿ ಇಬ್ಬರಿಗೆ 140 ಹಿಡಿದರೆ, ಗಿರಾಕಿಯ ಸಾಮಾನು ಏರುವ ಮೊದಲೇ 270 ಕಿಲೋ ಆಯಿತು. ಅದರ ಮೇಲೆ 5 ಎಚ್‌ಪಿ ಮಾನೋಬ್ಲಾಕ್ ಪಂಪು, ವೈಂಡಿಂಗ್ ತಂತಿ, ಎರಡು ಸುರುಳಿ ಕೇಬಲ್. ಬಡಗಿಗಳು 18 ಮಿ.ಮೀ. ಪ್ಲೈ ಹಾಕೋಣ, ಗಟ್ಟಿ ಅನ್ನುತ್ತಾರೆ. ಹಾಳೆಗೆ 10 ಕಿಲೋಗೂ ಮಿಕ್ಕಿ ಹೆಚ್ಚುತ್ತದೆ, ಒಪ್ಪಬೇಡಿ. 12 ಮಿ.ಮೀ. ಸಾಕು, ಅಂಚಿಗೆ ಅಲ್ಯೂಮಿನಿಯಂ ಆ್ಯಂಗಲ್ ಕೊಟ್ಟರೆ ಬಾಗುವುದಿಲ್ಲ.

ಇದು ಹಿಂದಿನ ಚಕ್ರ ಓಡಿಸುವ ಗಾಡಿ. ಏರಿನಲ್ಲಿ ಭಾರ ತಾನಾಗಿ ಹಿಂದಕ್ಕೆ ವಾಲುತ್ತದೆ, ಎಂಜಿನ್ ಎಳೆಯುವ ಚಕ್ರಕ್ಕೇ ಒತ್ತು ಸಿಗುತ್ತದೆ. ಲೋಡ್ ಇದ್ದಾಗ ತೋಟದ ಏರನ್ನು ಈಕೋ ಧೈರ್ಯವಾಗಿ ಹತ್ತುವುದು ಇದೇ ಕಾರಣಕ್ಕೆ. ಮುಂದಿನ ಚಕ್ರ ಎಳೆಯುವ ಗಾಡಿಗೆ ಅಲ್ಲೇ ಹಿಡಿತ ತಪ್ಪುತ್ತದೆ. ಖಾಲಿ ಇದ್ದಾಗ ಲೆಕ್ಕ ತಿರುಗುತ್ತದೆ. ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಇಬ್ಬರು ಅದರ ಮೇಲೇ ಕೂತಿದ್ದಾರೆ, ಹಿಂದೆ ಭಾರವೇ ಇಲ್ಲ. ಜುಲೈ ತಿಂಗಳ ಜೇಡಿ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ. ಅದಕ್ಕೆ ಮಳೆಗಾಲವಿಡೀ ಟೂಲ್ ಪೆಟ್ಟಿಗೆ ಇಳಿಸದೆ ಹಿಂದಿನ ಆ್ಯಕ್ಸಲ್‌ನ ಮೇಲೆ, ಒಂದು ಗೇಣು ಮುಂದಕ್ಕೆ ಕಟ್ಟಿಡಬೇಕು. ಹಿಂಬಾಗಿಲಿಗೆ ಒತ್ತಿ ಇಟ್ಟರೆ ಇನ್ನೊಂದು ತೊಂದರೆ: ಆ್ಯಕ್ಸಲ್‌ನಿಂದ ಹಿಂದಕ್ಕೆ ಬಿದ್ದ ಭಾರ ಗಾಡಿಯ ಮೂತಿ ಎತ್ತುತ್ತದೆ, ಕಡಿದಾದ ಏರಿನಲ್ಲಿ ಸ್ಟಿಯರಿಂಗ್ ಹಗುರಾಗಿ ಮುಂದಿನ ಚಕ್ರ ಹೇಳಿದ ಕಡೆ ಹೋಗುವುದಿಲ್ಲ. ಭಾರದ್ದು ಆ್ಯಕ್ಸಲ್ ಹತ್ತಿರ ನೆಲದ ಮೇಲೆ, ಫಿಟಿಂಗ್ಸ್ ಡಬ್ಬಿ ಬಾಗಿಲ ಬಳಿ, ಹಗುರದ್ದು ಶೆಲ್ಫಿನ ಮೇಲೆ. ಹೀಗಿಟ್ಟರೆ ಸಾಕು.

ಚಕ್ರ ತಿರುಗತೊಡಗಿದರೆ ಆ್ಯಕ್ಸಿಲರೇಟರ್ ಒತ್ತುವುದು ಎಲ್ಲರ ಕೈಯಲ್ಲೂ ಆಗುವ ಕೆಲಸ. ಹೊಂಡ ಆಳವಾಗುವುದಷ್ಟೇ ಅದರಿಂದ ಬರುವ ಲಾಭ. ಕಾಲು ತೆಗೆದು, ಹಿಂದಕ್ಕೆ ನಾಲ್ಕಡಿ ಬಿಟ್ಟು, ಎರಡೂ ಹಿಂದಿನ ಚಕ್ರದ ಮುಂದೆ ಗೋಣಿಚೀಲ ಹಾಸಿ ನಿಧಾನಕ್ಕೆ ಹೊರಡಬೇಕು. ನಾಲ್ಕು ಗೋಣಿ, ಒಂದು ಸಣ್ಣ ಗುದ್ದಲಿ, 10 ಮೀಟರ್ ಹಗ್ಗ ಗಾಡಿಯಲ್ಲಿ ಖಾಯಂ ಇರಲಿ. ಏರಿನಲ್ಲಿ ನಿಂತು ಹೊರಡುವಾಗ ಹ್ಯಾಂಡ್‌ಬ್ರೇಕ್ ಮೇಲೇ ಹೊರಡಿ. ಅರ್ಧ ಕ್ಲಚ್‌ನಲ್ಲಿ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರೆ ಕ್ಲಚ್ ಪ್ಲೇಟ್ ಬೇಗ ಹೋಗುತ್ತದೆ, ಸುಟ್ಟ ವಾಸನೆ ಮೊದಲೇ ಎಚ್ಚರಿಸುತ್ತದೆ. ಎಂಜಿನ್ 1,197 ಸಿಸಿ, ಟಾರ್ಕ್ 104.4 ಎನ್‌ಎಂ, ಅದೂ ಸಿಗುವುದು 3,000 ಆರ್‌ಪಿಎಂನಲ್ಲಿ. ಹಾಗಾಗಿ ಏರು ಕಾಣುವಾಗಲೇ ಗೇರ್ ಇಳಿಸಬೇಕು. ಮೂರನೇ ಗೇರಿನಲ್ಲಿ ಗುಡುಗುಡು ಎನ್ನಿಸಿಕೊಂಡು ಎಳೆಸಿದರೆ ಪೆಟ್ರೋಲೂ ಹೆಚ್ಚು, ಎಂಜಿನ್ನಿಗೂ ಹಿಂಸೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರು. ಬ್ರೇಕು ಮುಂದೆ ಡಿಸ್ಕ್, ಹಿಂದೆ ಡ್ರಮ್. ಲೋಡ್ ಗಾಡಿಯನ್ನು ಬ್ರೇಕಿನ ಮೇಲೇ ಇಳಿಸಿದರೆ ಪ್ಯಾಡ್ ಕಾದು ಪೆಡಲ್ ಮೆತ್ತಗಾಗುತ್ತದೆ. ಹಾಗಾದರೆ ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ. ನಮ್ಮ ಹವೆಗೆ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕಡ್ಡಾಯ ಎಂದೇ ತಿಳಿಯಬೇಕು. ಕೆಸರು ದಾರಿಯವರು ಮಳೆ ಮುಗಿದ ಮೇಲೆ ಹಿಂದಿನ ಡ್ರಮ್ ಬಿಚ್ಚಿಸಿ ಒಳಗಿನ ಒಣಮಣ್ಣು ತೆಗೆಸಲಿ. ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ ಎಂದು ಕೇಬಲ್ ಬಿಗಿಸುವ ಮೊದಲು ನೋಡಬೇಕಾದದ್ದೂ ಅದೇ.

ಇನ್ನು ನೀರು, ಮಣ್ಣು, ತುಕ್ಕು. ಮಲೆನಾಡಿನಲ್ಲಿ ವ್ಯಾನಿನ ಆಯಸ್ಸು ನಿರ್ಧಾರವಾಗುವುದು ಇಲ್ಲೇ. ಹೊಸ ಗಾಡಿ ಬಂದ ಕೂಡಲೇ ಅಂಗಡಿಯವರು ನೆಲಕ್ಕೆ ರಬ್ಬರ್ ಮ್ಯಾಟ್ ಅಂಟಿಸಿ ಕೊಡುತ್ತಾರೆ. ನೋಡಲು ಚೆನ್ನ. ಆದರೆ ಒದ್ದೆ ಬೂಟಿನಿಂದ, ಪಂಪಿನ ಹೊಟ್ಟೆಯಿಂದ ಸುರಿದ ನೀರು ಅದರ ಕೆಳಗೆ ಸೇರಿದರೆ ಆರುವುದೇ ಇಲ್ಲ. ಜೂನ್‌ನಲ್ಲಿ ಸೇರಿದ ನೀರು ಅಕ್ಟೋಬರ್‌ವರೆಗೂ ಅಲ್ಲೇ. ಅಂಟಿಸುವ ಬದಲು ಐಎಸ್ 710 ಗುರುತಿನ ಮರೀನ್ ಪ್ಲೈ, ಕೆಳಗೆ ಅಡ್ಡಕ್ಕೆ ಸಣ್ಣ ರಬ್ಬರ್ ಪಟ್ಟಿ, ಗಾಳಿ ಆಡಲು ಬೆರಳು ದಪ್ಪದ ಸಂದು. ಎರಡು ತುಂಡಾಗಿ ಮಾಡಿಸಿದರೆ ಒಬ್ಬರೇ ಎತ್ತಿ ಹೊರಗಿಡಬಹುದು, ವಾರಕ್ಕೊಮ್ಮೆ ನೆಲ ಒರೆಸಬಹುದು. ನೆಲಕ್ಕೆ ಸ್ಕ್ರೂ ಹೊಡೆಯುವ ಮೊದಲು ಗಾಡಿಯ ಕೆಳಗೆ ಮಲಗಿ ನೋಡಲೇಬೇಕು. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರು ಹಾದುಹೋಗಿರುತ್ತವೆ. ಈಗಾಗಲೇ ಇರುವ ಬೋಲ್ಟಿನ ತೂತು ಬಳಸುವುದೇ ಕ್ಷೇಮ. ಹೊಸ ತೂತು ಕೊರೆದರೆ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಸೀಲಂಟ್ ಕೊಟ್ಟೇ ಬೋಲ್ಟ್ ಹಾಕಿ. ಚಾವಣಿಯ ರ‍್ಯಾಕಿಗೂ ಇದೇ ಮಾತು.

ತೋಟಕ್ಕೆ ಹೋಗುವ ಗಾಡಿಯಲ್ಲಿ "ಹೆಂಗೂ ಬರ್ತಿದೀರಲ್ಲ, ಎರಡು ಚೀಲ ಹಾಕ್ಕೊಂಡು ಬನ್ನಿ" ಎನ್ನುವ ಮಾತು ಕೇಳಿಬರದೆ ಇರದು. ಕಾಫಿ ಚೀಲ, ಮೆಣಸಿನ ಚೀಲ ತರಲು ಅಡ್ಡಿಯಿಲ್ಲ. ಪೊಟ್ಯಾಷ್ ಮತ್ತು ಮೈಲುತುತ್ತದ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಬೇಕು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕ್ಲೋರೈಡ್ ಉಪ್ಪು. ಒಂದು ಹಿಡಿ ಉದುರಿ ತೇವ ತಾಗಿದರೆ ಸಾಕು, ಪೇಂಟಿನ ಗೀರಿನೊಳಗೆ ಇಳಿದು ಕಬ್ಬಿಣ ತಿನ್ನುತ್ತದೆ. ಮೈಲುತುತ್ತ ಇನ್ನೂ ಕೆಟ್ಟದ್ದು. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸುವಾಗ ಸುಣ್ಣ ಸಾಕಾಯಿತೇ ಎಂದು ಚಾಕುವಿನ ಅಲಗು ಅದ್ದಿ ನೋಡುತ್ತೇವೆ. ಹುಳಿ ಉಳಿದಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ, ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಪೇಂಟ್ ಎದ್ದ ವ್ಯಾನಿನ ನೆಲದ ಮೇಲೂ ಆಗುವುದು ಅದೇ. ತರಲೇಬೇಕಾದರೆ ಅಂಚು ಎತ್ತರವಿರುವ ಪ್ಲಾಸ್ಟಿಕ್ ಟ್ರೇಯಲ್ಲಿ ಇಟ್ಟು ತನ್ನಿ. ಚೆಲ್ಲಿದರೆ ಮೊದಲು ಒಣಗಿರುವಾಗಲೇ ಗುಡಿಸಿ, ಆಮೇಲೆ ಧಾರಾಳ ನೀರು ಹಾಕಿ ತೊಳೆದು ಬಾಗಿಲು ತೆರೆದು ಆರಿಸಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೂಲೆ ಮೂಲೆಗೆ ಹರಡುತ್ತದೆ.

ಬಾಗಿಲುಗಳ ತಳದಲ್ಲಿ ನೀರಿಳಿಯಲು ತೂತುಗಳಿವೆ. ಕೆಂಪುಮಣ್ಣು ಅವನ್ನು ಮುಚ್ಚುತ್ತದೆ. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ತೆಳ್ಳನೆ ತಂತಿ ಹಾಕಿ ಬಿಡಿಸಿ. ಸ್ಲೈಡಿಂಗ್ ಬಾಗಿಲಿನ ಕೆಳಗಿನ ರೈಲಿಗೆ ಮಣ್ಣಿನ ಜೊತೆ ಕಾಫಿ ಹೊಟ್ಟೂ ತುಂಬುತ್ತದೆ, ಒಣಗಿ ಗಟ್ಟಿಯಾಗಿ ರೋಲರ್ ಸವೆಸುತ್ತದೆ. ಬಾಗಿಲು ಇಷ್ಟೇ ಇಷ್ಟು ಜಗ್ಗಿದರೂ ಹಿಂದಿನ ಲಾಕ್ ಕೂರುವುದಿಲ್ಲ, ಜನ ಆಮೇಲೆ ದಡಾರನೆ ಹೊಡೆದು ಹಾಕುತ್ತಾರೆ, ಸವೆತ ಇನ್ನೂ ಜೋರಾಗುತ್ತದೆ. ಗ್ರೀಸ್ ಬಳಿದರೆ ಧೂಳು ಅಂಟಿ ಉಜ್ಜುಪುಡಿಯಾಗುತ್ತದೆ. ಒಣ ಬ್ರಷ್‌ನಿಂದ ಕೆರೆದು ಸಿಲಿಕಾನ್ ಸ್ಪ್ರೇ ಹೊಡೆದರೆ ಸಾಕು. ಇಳುಕಲಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದಾಗ ಈ ಬಾಗಿಲು ತಾನಾಗಿ ಮುಂದಕ್ಕೆ ಜಾರಿ ಮುಚ್ಚಿಕೊಳ್ಳಬಹುದು. ಬೆರಳು ಜೋಪಾನ, ಒಂದು ಮರದ ಬೆಣೆ ಬಾಗಿಲ ಬಳಿ ಇರಲಿ.

ಹಳ್ಳದ ನೀರು ದಾಟುವ ದಾರಿ ಇದ್ದರೆ ಹಿಂದಿನ ಡಿಫರೆನ್ಶಿಯಲ್ (ಎರಡು ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳ ಗೂಡು) ಮರೆಯಬೇಡಿ. ಓಡಿ ಬಿಸಿಯಾದ ಆ್ಯಕ್ಸಲ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಎನ್ನುವ ಗಾಳಿತೂತು ಅಥವಾ ಸವೆದ ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ತಕ್ಷಣ ಬದಲಿಸಬೇಕು. ಮುಂದಿನ ಚಕ್ರದ ಕಾರುಗಳನ್ನೇ ನೋಡಿ ರೂಢಿಯಾದ ಗ್ಯಾರೇಜ್ ಹುಡುಗರಿಗೆ ಇಲ್ಲೊಂದು ಆಯಿಲ್ ಇದೆ ಎನ್ನುವುದೇ ಹೊಳೆಯುವುದಿಲ್ಲ. ಸರ್ವೀಸ್ ಜಾಬ್ ಕಾರ್ಡಿನಲ್ಲಿ ನೀವೇ ಬರೆಸಿ. ಗೇರ್ ಹಾಕಿ ಕ್ಲಚ್ ಬಿಡುವಾಗ ಕೆಳಗಿನಿಂದ 'ಟಕ್' ಎಂದರೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಮೊದಲು ನೋಡಿಸಿ.

ಎಂಜಿನ್ ಸೀಟಿನ ಕೆಳಗಿರುವುದರಿಂದ ಮಳೆಯಲ್ಲೂ ಒಳಗೇ ಕೂತು ಆಯಿಲ್ ನೋಡಬಹುದು. ಬೇಸಿಗೆಯಲ್ಲಿ ಸೀಟು ಬೆಚ್ಚಗಾಗುತ್ತದೆ, ಅದು ಈ ವಿನ್ಯಾಸದ ಗುಣ. ಸೀಟು ಎತ್ತಿದ ಮೇಲೆ ಕೆಳಗಿನ ಹಾಸು ಮತ್ತು ಸೀಲು ಸರಿಯಾಗಿ ಕೂತಿದೆಯೇ ಎಂದು ನೋಡಿದರೆ ಬಿಸಿಯೂ ಸದ್ದೂ ಕಡಿಮೆ. ಬೆಚ್ಚನೆ ಜಾಗ ಇಲಿಗೂ ಇಷ್ಟ. ಕಣದ ಪಕ್ಕ, ಗೋಡೌನ್ ಪಕ್ಕ ರಾತ್ರಿ ನಿಲ್ಲಿಸುವವರು ಬುತ್ತಿಯ ಚೂರು ಗಾಡಿಯಲ್ಲಿ ಬಿಡಬಾರದು, ಬೆಳಿಗ್ಗೆ ಸೀಟು ಎತ್ತಿ ಒಂದು ಸಲ ಕಣ್ಣಾಡಿಸಬೇಕು. ವೈರ್ ಕಚ್ಚಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಗೊತ್ತಾಗುವುದು ಒಳ್ಳೆಯದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲಿನ ಧೂಳು. ಏರ್ ಫಿಲ್ಟರನ್ನು ಸರ್ವೀಸಿಗೆ ಕಾಯದೆ ತಿಂಗಳಿಗೊಮ್ಮೆ ತೆಗೆದು ನೋಡಿ.

ಮೈಲೇಜು: ಪೆಟ್ರೋಲ್ ಗಾಡಿಗೆ ಕಂಪನಿ ಹೇಳುವ ಅಂಕಿ ಲೀಟರಿಗೆ 20 ಕಿ.ಮೀ. ಆಸುಪಾಸು. ಹಾಸನ–ಬೇಲೂರು–ಚಿಕ್ಕಮಗಳೂರು ದಾರಿಯಲ್ಲಿ ಅರ್ಧ ಲೋಡಿಗೆ 16–17, ತೋಟದೊಳಗಿನ ಏರಿಳಿತದಲ್ಲಿ 12–13 ಎಂದು ಲೆಕ್ಕ ಹಾಕಿ ಗಿರಾಕಿಗೆ ಓಡಾಟದ ಖರ್ಚು ಹೇಳುವುದು ಸರಿ. ಟ್ಯಾಂಕು 32 ಲೀಟರಿನದು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನ ಎಥೆನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ಗಾಡಿ ಬಹಳ ದಿನ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ. ಸಿಎನ್‌ಜಿ ಖರ್ಚಿನಲ್ಲಿ ಅಗ್ಗ, ಆದರೆ ಸಿಲಿಂಡರ್ ಜಾಗವನ್ನೂ ಭಾರವನ್ನೂ ತಿನ್ನುತ್ತದೆ, ಶಕ್ತಿ ಕಡಿಮೆ, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಹೈಡ್ರೋ ಟೆಸ್ಟ್ ಆಗಬೇಕು. ಹಾಸನ ಪೇಟೆಯೊಳಗೆ ಡೆಲಿವರಿ ಮಾಡುವವರಿಗೆ ಸರಿ. ಬಾಳೆಹೊನ್ನೂರು, ಆಲ್ದೂರು ಕಡೆಯ ತೋಟ ಸುತ್ತುವವರು ಪೆಟ್ರೋಲ್ ತೆಗೆದುಕೊಳ್ಳಿ.

ಪಿವಿಸಿ, ಜಿಐ ಪೈಪುಗಳು 20 ಅಡಿ ಉದ್ದ, ಗಾಡಿ 12 ಅಡಿ. ಹೊರಚಾಚಿಕೊಂಡು ಒಯ್ಯುವುದು ತಿರುವಿನಲ್ಲಿ ಎದುರಿನವರಿಗೆ ಅಪಾಯ. ಅಂಗಡಿಯಲ್ಲೇ ಅರ್ಧಕ್ಕೆ ಕತ್ತರಿಸಿ ಕಪ್ಲಿಂಗ್ ತನ್ನಿ, ಇಲ್ಲವೇ ಪೈಪನ್ನು ಬೇರೆ ಗಾಡಿಗೆ ಹಾಕಿಸಿ. 2 ಇಂಚಿನ ಮೀಡಿಯಂ ಜಿಐ ಪೈಪು ಮೀಟರಿಗೆ 5 ಕಿಲೋ ತೂಗುತ್ತದೆ; ಅದನ್ನು ರ‍್ಯಾಕ್ ಮೇಲೆ ಹೇರಿದರೆ ಹೇರ್‌ಪಿನ್ ತಿರುವಿನಲ್ಲಿ ಗಾಡಿ ವಾಲುವುದು ಕೈಗೇ ತಿಳಿಯುತ್ತದೆ. ರ‍್ಯಾಕಿಗೆ ಏಣಿ ಮತ್ತು ಪಿವಿಸಿ ಮಾತ್ರ.

ಟೈರು 13 ಇಂಚಿನ ರಿಮ್ಮಿನವು. ಗಾಳಿ ಎಷ್ಟಿರಬೇಕು ಎನ್ನುವುದು ಗಾಡಿಯ ಸ್ಟಿಕ್ಕರಿನಲ್ಲಿದೆ, ಲೋಡಿಗೆ ಬೇರೆ, ಖಾಲಿಗೆ ಬೇರೆ. ಬೆಳಿಗ್ಗೆ ತಣ್ಣಗಿರುವಾಗ ಸ್ವಂತ ಗೇಜಿನಲ್ಲಿ ನೋಡಿ. ಕೆಸರಿಗೆ ಹಿಡಿತ ಬರಲೆಂದು ಗಾಳಿ ಇಳಿಸಿ ಲೋಡಿನಲ್ಲಿ ಓಡಿಸಿದರೆ ಕಲ್ಲಿಗೆ ತಾಗಿ ಪಕ್ಕದ ಗೋಡೆ ಸೀಳುತ್ತದೆ, ಅದಕ್ಕೆ ಪಂಕ್ಚರ್ ಹಾಕಲಾಗದು.

ಕೊಳ್ಳುವ ಮೊದಲು ಕಾಗದಪತ್ರದ ಕಡೆಯೂ ನೋಡಬೇಕು. ಕಾರ್ಗೋ ಎಂದರೆ ಎರಡು ಸೀಟಿನ ಸರಕು ಗಾಡಿ, ಹಳದಿ ಬೋರ್ಡು. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ, ಫಿಟ್‌ನೆಸ್ ಮಾತ್ರ ಬೇಕು: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಓಡಿಸಲು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಇದನ್ನು ಖಚಿತಪಡಿಸಿದೆ. ಆದರೆ ಹಿಂದೆ ಸಾಮಾನಿನ ಜೊತೆ ಆಳುಗಳನ್ನು ಕೂರಿಸುವಂತಿಲ್ಲ. ಅಪಘಾತವಾದರೆ ಅವರಿಗೆ ವಿಮೆ ಸಿಗುವುದು ಕಷ್ಟ, ಸೀಟು ಬೆಲ್ಟು ಏನೂ ಇಲ್ಲದ ಜಾಗದಲ್ಲಿ ಬಿಡಿ ಪಂಪಿನ ಪಕ್ಕ ಮನುಷ್ಯರನ್ನು ಕೂರಿಸುವುದೇ ತಪ್ಪು. ಮೂರು ನಾಲ್ಕು ಜನರ ಗ್ಯಾಂಗು ಕರೆದೊಯ್ಯುವ ಕೆಲಸವಿದ್ದರೆ ಸೀಟಿರುವ ಈಕೋ ಕೊಳ್ಳಿ. ಇಬ್ಬರೇ ಇದ್ದರೂ ಸೀಟಿನ ಹಿಂದೆ ಕಬ್ಬಿಣದ ಜಾಲರಿ ತಡೆ ಹಾಕಿಸಿ, ಪಂಪನ್ನು ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯಿರಿ. ವಾಹನದ ಪಾಲಿಸಿಯಲ್ಲಿ ಒಳಗಿನ ಟೂಲು, ಗಿರಾಕಿಯ ಮೋಟಾರು ಸೇರಿರುವುದಿಲ್ಲ. ರ‍್ಯಾಕು, ಜಾಲರಿ, ಶೆಲ್ಫಿನ ಬಿಲ್ ಇಟ್ಟುಕೊಂಡು ರಿನ್ಯೂವಲ್ ಸಮಯದಲ್ಲಿ ಹೆಚ್ಚುವರಿ ಫಿಟಿಂಗ್ ಎಂದು ಬರೆಸಿ.